ಎಡಗಡೆ ಮೂರನೇ ಸೀಟಿನ ಲೀಗು

ಬೀದರದಿಂದ ಭಾಲ್ಕಿ, ಕಮಲನಗರ ಸುತ್ತಿ ಔರಾದಿಗೆ ಹೋಗುವ ಏಳೂವರೆಯ ಬಸ್ಸಿನಲ್ಲಿ ಐವತ್ತು ಸೀಟುಗಳಿದ್ದರೂ ಹಮೀದುನ್ನಿಸಾ ಟೀಚರಿಗೆ ಸೀಟು ಅಂದರೆ ಒಂದೇ. ಎಡಗಡೆ ಮೂರನೇದು, ಕಿಟಕಿ ಬದಿಯದು. ಅಲ್ಲಿ ಬಿಸಿಲು ಬೀಳುವುದಿಲ್ಲ, ಗಾಜು ಗಡಗಡ ಅನ್ನುವುದಿಲ್ಲ, ತಲೆ ಆನಿಸಿದರೆ ಭಾಲ್ಕಿ ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲ. ನಾಲ್ಕೂವರೆಗೆ ಎದ್ದು, ಮೂರು ಮಕ್ಕಳ ಡಬ್ಬಿ ಕಟ್ಟಿ, ಅತ್ತೆಗೆ ಗುಳಿಗೆ ಕೊಟ್ಟು, ಗಂಡನ ಒಂಟಿ ಕಾಲುಚೀಲಕ್ಕೆ ಜೋಡಿ ಹುಡುಕಿ, ಚಿದ್ರಿಯಿಂದ ಆಟೋ ಹಿಡಿದು ಓಡಿ ಬರುವ ಹೆಂಗಸಿಗೆ ದಿನದಲ್ಲಿ ತನ್ನದು ಅಂತ ಇದ್ದದ್ದು ಔರಾದಿನ ಸಾಲಿ ಬರುವ ತನಕದ ಆ ನಿದ್ದೆ ಮಾತ್ರ.

ಆ ನಿದ್ದೆಗೆ ಕಲ್ಲು ಹಾಕಿದವಳು ಸುಭದ್ರಾಬಾಯಿ. ಕಮಲನಗರ ದವಾಖಾನೆಗೆ ಹೊಸದಾಗಿ ವರ್ಗವಾಗಿ ಬಂದ ಸಿಸ್ಟರು. ಅವಳೂ ಮನೆ ತುಂಬ ಮಂದಿ ಇದ್ದವಳು, ಅವಳಿಗೂ ಅದೇ ಕಿಟಕಿ ಬೇಕು. ಹಮೀದುನ್ನಿಸಾ ಹೊರಗಿನಿಂದ ಕಿಟಕಿಯೊಳಗೆ ಮುಖ ಒರೆಸುವ ದಸ್ತಿ ಎಸೆದು ಸೀಟು ಹಿಡಿದು, ಮಂದಿಯನ್ನು ತಳ್ಳಿಕೊಂಡು ಒಳಗೆ ಬರುವಷ್ಟರಲ್ಲಿ ಆ ದಸ್ತಿಯ ಮೇಲೇ ಸುಭದ್ರಾಬಾಯಿ ಕೂತಿರುತ್ತಿದ್ದಳು.

“ದಸ್ತಿ ಮೊದ್ಲ ನಂದು ಬಿದ್ದದರಿ ಸಿಸ್ಟರ್.”

“ದಸ್ತಿಗೇನು ನಿದ್ದಿ ಬರ್ತದೇನ್ರಿ ಆಪಾ? ನಿದ್ದಿ ಮನಷ್ಯಾರಿಗಿ ಬರ್ತದ.”

ವಾರಗಟ್ಟಲೆ ಇದೇ ಜಗಳ. ಕಂಡಕ್ಟರ್ ಮಾಣಿಕ ಬೇಸತ್ತ. ಕಾಲೇಜಿನಲ್ಲಿ ಗೋಲ್‌ಕೀಪರ್ ಆಗಿದ್ದ ಮನುಷ್ಯ ಅವನು. ಈಗಲೂ ಬಾಗಿಲಲ್ಲಿ ಎರಡೂ ಕೈ ಚಾಚಿ ನಿಂತರೆ ಒಬ್ಬರೂ ಟಿಕೇಟಿಲ್ಲದೆ ನುಸುಳುವಂತಿರಲಿಲ್ಲ. ಆ ವಾರವೇ ರಾಷ್ಟ್ರೀಯ ಫುಟ್‌ಬಾಲ್ ಲೀಗಿನ ಹೊಸ ಸೀಸನ್ ಶುರುವಾಗುತ್ತಿತ್ತು. ಸೀಟಿ ಊದಿ ನ್ಯಾಯ ಹೇಳಿದ: “ಇಬ್ಬರೂ ಒಂದೊಂದು ಟೀಮ್ ಆರಿಸ್ರಿ. ಯಾರ ಟೀಮ್ ಪಟ್ಟಿಯಾಗ ಮ್ಯಾಲ ಇರ್ತದ, ಕಿಟಕಿ ಅವರದು. ಸೋತವರು ಸಿಕ್ಕಲ್ಲಿ ಕುಂದುರಬೇಕು. ಇನ್ನ ದಸ್ತಿ ಇಲ್ಲ, ಡಬ್ಬಿ ಇಲ್ಲ.”

ಮೊಬೈಲಿನಲ್ಲಿ ಪಟ್ಟಿ ತೆಗೆದು ಹಿಡಿದ. ಇನ್ನೂ ಒಂದು ಆಟವೂ ಆಗಿರಲಿಲ್ಲ, ಎಲ್ಲರ ಮುಂದೆಯೂ ಸೊನ್ನೆ. ಹಮೀದುನ್ನಿಸಾ ಸೊನ್ನೆ ನೋಡಲಿಲ್ಲ, ನಂಬರ್ ನೋಡಿದಳು. “ಒಂದನೇ ನಂಬರ್ ನಂದು!” ಅಂದಳು. ಅದು ಅಗರತಲಾ. ಮಾಣಿಕ ತುಟಿ ಕಚ್ಚಿ ನಗು ತಡೆದುಕೊಂಡ.

ಸುಭದ್ರಾಬಾಯಿ ಕನ್ನಡಕ ಏರಿಸಿ ಪಟ್ಟಿಯ ತಳ ನೋಡಿದಳು. ವಿಶಾಖಪಟ್ಟಣ. “ಕಡೀದು ನಂದಿರ್ಲಿ. ಅದರ ಕೆಳಗ ಬೀಳಾಕ ಜಾಗಾನೇ ಇಲ್ಲ.”

ಮೊದಲ ಭಾನುವಾರವೇ ಅಗರತಲಾದವರು ನಾಲ್ಕು ಗೋಲು ತಿಂದರು. ಸೋಮವಾರ ಕಿಟಕಿ ಹೋಯಿತು. ಮನೆಗೆ ಬಂದವಳೇ ಹಮೀದುನ್ನಿಸಾ ಮಗಳು ಆಯೆಶಾಳ ಮುಂದೆ ಸಿಡುಕಿದಳು, “ಒಂದನೇ ನಂಬರಿನವರು ಒಂದೇ ದಿನಕ್ಕ ಹ್ಯಾಂಗ ತಳಕ್ಕ ಬಿದ್ರು?”

ಆಯೆಶಾ ಮೊಬೈಲ್ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಮ್ಮೀ, ಅದು ಇಂಗ್ಲಿಷ್ ಅಕ್ಷರದ ಸಾಲು. ನಿಮ್ಮ ಹಾಜರಿ ಪುಸ್ತಕದಾಗ ಒಂದನೇ ನಂಬರ್ ಇದ್ದವರು ಕ್ಲಾಸಿಗಿ ಫಸ್ಟ್ ಬರ್ತಾರೇನು?”

ಇಪ್ಪತ್ತು ವರ್ಷ ಹಾಜರಿ ಕೂಗಿದವಳಿಗೆ ಇದು ಹೊಳೆದಿರಲಿಲ್ಲ. ಬಸ್ಸಿನಲ್ಲಿ ಯಾರಿಗೂ ಹೇಳಬಾರದೆಂದು ಮಗಳ ಹತ್ತಿರ ಆಣೆ ಹಾಕಿಸಿಕೊಂಡಳು.

ಆಮೇಲೆ ಸುರುವಾಯಿತು ಹಮೀದುನ್ನಿಸಾಳ ವನವಾಸ. ಇವತ್ತು ಯಾರದೋ ಹಾಲಿನ ಕ್ಯಾನಿನ ಪಕ್ಕ, ನಾಳೆ ಟಯರಿನ ಮೇಲಿನ ಸೀಟು, ನಾಡಿದ್ದು ಬರೀ ಕಂಬ. ಸಾಲಿಯಲ್ಲಿ ಮಗ್ಗಿ ಹೇಳಿಸುತ್ತಲೇ ತೂಕಡಿಸಿದಳು. ಮಕ್ಕಳು ಏಳೆಂಟ್ಲೆ ಐವತ್ತಾರು ಆದಮೇಲೆ ತಾವೇ ನಿಲ್ಲಿಸಿ, “ಸುಮ್ಮನಿರ್ರೋ, ಟೀಚರ್ ಮಲಗ್ಯಾರ” ಅಂತ ಒಬ್ಬರಿಗೊಬ್ಬರು ಪಿಸುಗುಟ್ಟಿದವು. ಆ ದಿನ ಅವಳು ನಿಶ್ಚಯಿಸಿದಳು: ಆಟದಲ್ಲಿ ಆಗದ್ದು ಮಾತಿನಲ್ಲಿ ಆಗಬೇಕು.

ಒಂದು ಗುರುವಾರ ಮಾಣಿಕ ರಜೆ ಹಾಕಿದ್ದ. ಹಮೀದುನ್ನಿಸಾ ಪರೀಕ್ಷೆಯ ಫಲಿತಾಂಶ ಓದುವ ದನಿಯಲ್ಲಿ ಹೇಳಿದಳು, “ಸಿಸ್ಟರ್, ನಿಮ್ಮವರಿಗೆ ಹನ್ನೆರಡು ಪಾಯಿಂಟ್ ಕಟ್ ಆಗ್ಯಾವರಿ. ಹನ್ನೆರಡು ಮಂದಿ ಆಡಿದ್ರಂತ.”

“ಹನ್ನೆರಡು ಮಂದಿ ಆಡಬಾರದೇನ್ರಿ?”

“ಹನ್ನೊಂದೇ ಕಾಯ್ದೆ.”

“ಅಯ್ಯ, ಎಲ್ಲಿ ಹೋದ್ರೂ ಜೋಡಿಗಿ ಒಬ್ಬರನ್ನ ಕರಕೊಂಡು ಹೋಗೋ ಚಟ ನೋಡ್ರಿ!” ಎಂದು ಬೈಯುತ್ತ ಸುಭದ್ರಾಬಾಯಿ ಎದ್ದೇಬಿಟ್ಟಳು. ಹಮೀದುನ್ನಿಸಾ ಅಂದು ಹ್ಯಾಂಗೆ ಮಲಗಿದಳೆಂದರೆ ಔರಾದಿನಲ್ಲಿ ಡ್ರೈವರು ಮೂರು ಸಲ ಹಾರ್ನ್ ಹೊಡೆಯಬೇಕಾಯಿತು.

ಶುಕ್ರವಾರ ಮಾಣಿಕ ಬಂದ, ವಿಷಯ ತಿಳಿಯಿತು. ಯಾವುದೋ ಕ್ಲಾತ್ ಸ್ಟೋರಿನ ಹಳದಿ ಕರಪತ್ರ ಕಿಸೆಯಿಂದ ತೆಗೆದು ರೆಫರಿಯ ಹಳದಿ ಕಾರ್ಡಿನಂತೆ ಟೀಚರ ಮೂಗಿನ ಮುಂದೆ ಎತ್ತಿ ಹಿಡಿದ. “ಅಕ್ಕೋರ, ಮಕ್ಕಳಿಗಿ ಸುಳ್ಳು ಹೇಳಬ್ಯಾಡ ಅಂತ ಕಲಸೋರು ನೀವು. ಒಂದು ವಾರ ಹಿಂದಿನ ಉದ್ದ ಸೀಟು.”

“ಅಲ್ಲಿ ಗಾಡಿ ಜಿಗಿದ್ರ ತಲೀ ಮ್ಯಾಲಿನ ಟಪ್ಪಿಗಿ ಬಡೀತದೋ ಮಾಣಿಕಾ!”

“ಬಡೀಲಿ. ಬುದ್ಧಿ ಬರ್ತದ.” ಇಡೀ ಬಸ್ಸು ಚಪ್ಪಾಳೆ ತಟ್ಟಿತು.

ಟೀಚರ ತಲೆಯಲ್ಲಿ ಎದ್ದ ಬುಗುಟೆ ನೋಡಿ ಕನಿಕರ ಬಂತೋ ಏನೋ, ಅಗರತಲಾದವರು ಗೆಲ್ಲತೊಡಗಿದರು. ಸೀಸನ್ನಿನ ಕೊನೆಗೆ ವಿಶಾಖಪಟ್ಟಣಕ್ಕಿಂತ ಒಂದೇ ಪಾಯಿಂಟ್ ಹಿಂದೆ. ಕಡೆಯ ಆಟ ಈ ಎರಡು ಟೀಮುಗಳ ನಡುವೆಯೇ. ಮಾಣಿಕ ಸಾರಿದ: ಇದರ ನಂತರ ಯಾರು ಮೇಲೋ, ಮುಂದಿನ ಸೀಸನ್ ತನಕ ಸೀಟು ಅವರದೇ. ಸಮ ಆದರೆ ಸಿಸ್ಟರದು. ಟೀಚರಿಗೆ ಗೆಲುವೇ ಬೇಕು.

ಭಾನುವಾರ ಸಂಜೆ ಚಿದ್ರಿಯ ಮನೆಯಲ್ಲಿ ಅಡಿಗೆ ನಿಂತಿತು. ಒಂದಕ್ಕೊಂದು ಗೋಲು, ಇನ್ನೇನು ಮುಗಿಯಬೇಕು, ಅಗರತಲಾಕ್ಕೆ ಪೆನಾಲ್ಟಿ ಸಿಕ್ಕಿತು. ಹಮೀದುನ್ನಿಸಾ ಹಿಟ್ಟಿನ ಕೈಯನ್ನೇ ಎತ್ತಿ ದುವಾ ಮಾಡಿದಳು. ಚೆಂಡು ಕಂಬಕ್ಕೆ ಬಡಿದು, ಯಾರದೋ ತಪ್ಪಿಗೆ ನಾಚಿದಂತೆ, ಆಚೆ ಉರುಳಿ ಹೋಯಿತು.

“ಇನ್ನ ರೊಟ್ಟಿ ಆಗ್ತದೇನು?” ಅತ್ತೆ ಕೇಳಿದರು.

ಸೋಮವಾರ ಬಸ್ಸು ಕಿಕ್ಕಿರಿದಿತ್ತು. ಕಿಟಕಿಯಲ್ಲಿ ಸುಭದ್ರಾಬಾಯಿ ಮದುಮಗಳಂತೆ ಕೂತಿದ್ದಳು. ಪಕ್ಕದ ಸೀಟಿನ ಮೇಲೆ ಅವಳದೇ ಡಬ್ಬಿ ಚೀಲ. ಅದನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

“ಬರ್ರಿ ಆಪಾ, ನಿಮಗೇ ಹಿಡದೀನಿ. ಕಮಲನಗರ ತನಕ ನಿಮ್ಮ ಸೋತ ಮಾರಿ ನೋಡ್ಕೋತ ಹೋಗ್ಬೇಕಾಗ್ಯದ.”

ಹಮೀದುನ್ನಿಸಾ ಪಕ್ಕದಲ್ಲಿ ಕೂತಳು. ಬಸ್ಸು ಊರು ದಾಟುವಷ್ಟರಲ್ಲಿ ಅವಳ ತಲೆ ಮೆಲ್ಲಗೆ ವಾಲಿತು; ಸುಭದ್ರಾಬಾಯಿಯ ಹೆಗಲು ಕಿಟಕಿಗಿಂತ ಮೆತ್ತಗಿತ್ತು. ಸಿಸ್ಟರು ಹೆಗಲು ಕೊಡವಿದಳು. ತಲೆ ಎದ್ದು ಮತ್ತೆ ಅಲ್ಲೇ ಬಂತು.

“ಆಪಾ! ಏ ಆಪಾ! ಮಾಣಿಕಾ, ಇಲ್ಲಿ ನೋಡ್ರಿ. ನಾ ಹ್ಯಾಂಗ ಮಲಗಬೇಕು? ಇದು ಫೌಲ್ ಅಲ್ಲೇನು?”

ಮಾಣಿಕ ಬಗ್ಗಿ ನೋಡಿದ. ಟೀಚರ ಒಂದು ಕಣ್ಣು ಎಳ್ಳಷ್ಟೇ ತೆರೆದಿತ್ತು. ಅವನನ್ನು ನೋಡಿ ಮತ್ತೆ ಮುಚ್ಚಿತು.

“ಕಿಟಕಿ ನಿಮ್ಮದೇ ಅದ ಸಿಸ್ಟರ್. ಹೆಗಲಿನ ಬಗ್ಗೆ ಕಾಯ್ದೆದಾಗ ಏನೂ ಬರೆದಿಲ್ಲ,” ಅಂದು ರೈಟ್ ಹೇಳಿದ.

ಭಾಲ್ಕಿ ಬಂದಾಗ ಹಮೀದುನ್ನಿಸಾ ನಟಿಸುತ್ತಿರಲಿಲ್ಲ. ನಿಜವಾಗಿ ಗೊರಕೆ ಹೊಡೆಯುತ್ತಿದ್ದಳು.