ಮೊಣಕಾಲುದ್ದದ ಮಾತು

"ಅದೆಂಗಪ್ಪಾ ಒಳೀತು ನಿಂಗೆ ಅಂಥಾ ಮಾತು?" ಪುಟ್ಟತಾಯಮ್ಮ ಬಳ್ಳದ ರಾಗಿಯನ್ನು ಚೀಲಕ್ಕೆ ಸುರಿಯದೆ ಹಾಗೇ ಎತ್ತಿ ಹಿಡಿದುಕೊಂಡು ಕೇಳಿದಳು. "ನಕ್ಕೂ ನಕ್ಕೂ ನನ್ ಪಕ್ಕೆ ಇನ್ನೂವೆ ನೋಯ್ತದೆ."

ಮಂಚಾಚಾರಿ ಚೀಲದ ಬಾಯಿ ಅಗಲಿಸಿಕೊಂಡು ನಿಂತಿದ್ದ. ಬೆಳಿಗ್ಗೆ ಮುಖ ಉಜ್ಜಿದ್ದರೂ ಕಿವಿಯ ಹಿಂದೆ ವೇಷದ ಅರದಾಳದ ಹಳದಿ ಉಳಿದಿತ್ತು. ಯಾವ ಮಾತು ಎಂದು ಅವನಿಗೆ ತಕ್ಷಣ ತಿಳಿಯಲಿಲ್ಲ. ತಿಳಿದಾಗ, ಅದು ತನ್ನದಲ್ಲ ಎಂಬುದೂ ಜೊತೆಯಲ್ಲೇ ತಿಳಿಯಿತು.

ಹೊಸಹೊಳಲಿನ ಮೇಳದಲ್ಲಿ ಅವನು ಹನ್ನೆರಡು ವರ್ಷದಿಂದ ರಾವಣ. ಆಟದ ಮರುದಿನ ವೇಷಧಾರಿಗಳು ಕೇರಿಗೊಬ್ಬರಂತೆ ಹೋಗಿ ಕಾಳು ಎತ್ತಿ ತರುವುದು ಮೇಳದ ಪದ್ಧತಿ. ಕಾಳನ್ನು ಅಳೆದು ಹಾಕುತ್ತಿದ್ದ ಜನ ಅಭಿಪ್ರಾಯವನ್ನು ಮಾತ್ರ ಅಳೆಯದೆ ಹಾಕುತ್ತಿದ್ದರು. ಸೀತೆ ಮೀಸೆಯನ್ನು ಇನ್ನಷ್ಟು ನುಣ್ಣಗೆ ಬೋಳಿಸಿಕೊಳ್ಳಬೇಕು; ರಾಮನಿಗೆ ಕೆಮ್ಮು ಜಾಸ್ತಿ, ಮೆಣಸಿನ ಕಷಾಯ ಕುಡಿಸಿ; ಕೋಡಂಗಿ ಮುದ್ದಯ್ಯ ಮಾತ್ರ ಬೆಳಗಾಗುವವರೆಗೂ ಇರಲಿ. ಮಂಚಾಚಾರಿಯ ಪಾಲಿಗೆ ಊರೂರಲ್ಲೂ ಬೀಳುತ್ತಿದ್ದುದು ಒಂದೇ ಮಾತು: "ಕಿರೀಟ ಬಲು ಚೆಂದಾಗಿತ್ತು." ಅವನು ಮರಗೆಲಸದ ಮನೆಯವನು, ಬೂರುಗದ ಮರದಲ್ಲಿ ಆ ಕಿರೀಟವನ್ನು ತಾನೇ ಕೆತ್ತಿದ್ದ. ಹೊಗಳಿಕೆ ಹೀಗೆ ಹನ್ನೆರಡು ವರ್ಷ ಅವನ ತಲೆಯ ಮೇಲೇ ನಿಂತಿತ್ತು, ಹಣೆಯಿಂದ ಕೆಳಗೆ ಇಳಿದಿರಲಿಲ್ಲ.

ನಿನ್ನೆಯ ಆಟದಲ್ಲಿ ನಡೆದದ್ದು ಇಷ್ಟು. ರಾವಣ ಮೊದಲು ಸಭೆಗೆ ಬರುವಾಗ ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಜನಕ್ಕೆ ತೆರೆಯ ಮೇಲೆ ಕಿರೀಟವಷ್ಟೇ ಕಾಣುತ್ತದೆ, ಒಳಗಿಂದ ದನಿ ಕೇಳುತ್ತದೆ. "ಸುತ್ತಲೂ ನೀರು, ನಡುವೆ ನಾನು! ನನ್ನ ಕೋಟೆಗೆ ಕಾಲಿಡುವ ಗಂಡು ಯಾವನಿದ್ದಾನೆ?" ಎಂದು ಗರ್ಜಿಸಿ ಮಂಚಾಚಾರಿ ಉಸಿರಿಗಾಗಿ ನಿಂತ. ಆ ಬಿಡುವಿನಲ್ಲಿ ಅವನ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ ಮುದ್ದಯ್ಯ, ಅವನದೇ ಗಂಟಲನ್ನು ಅಣಕಿಸಿ, "ಬೇಸ್ಗೇಲಿ ಮಾತ್ರ ಮೊಣಕಾಲುದ್ದ!" ಎಂದುಬಿಟ್ಟಿದ್ದ.

ಆಟದ ಲಂಕೆ ಎಲ್ಲಿದೆಯೋ ಯಾರೂ ಕಂಡವರಿಲ್ಲ. ಆದರೆ ಹಿರೋಡೆಗೆ ಕೂಗಳತೆಯಲ್ಲಿದ್ದ ಆಟ ನಡೆದ ಆ ಊರಿನವರಿಗೆ ಸುಲ್ತಾನರ ಪಟ್ಟಣದ ಸುತ್ತ ನೀರಿರುವ ಕೋಟೆ ಒಂದೂವರೆ ಹರದಾರಿ ದೂರದಲ್ಲಿ ದಿನಾ ಕಾಣುತ್ತಿತ್ತು. ಪರಂಗಿ ದಂಡು ಅಲ್ಲಿ ಹೊಳೆಯನ್ನು ನಡೆದೇ ದಾಟಿ ಇನ್ನೂ ಎರಡೇ ಬೇಸಿಗೆ ಕಳೆದಿತ್ತು. ಜನ ಬಿದ್ದು ಬಿದ್ದು ನಕ್ಕಿದ್ದರು. ಹಾಗೆ ನಕ್ಕು ಅವರಿಗೂ ಬಹಳ ದಿನವಾಗಿತ್ತು.

"ಏನೋ, ಆ ಗಳಿಗೇಲಿ ಬಾಯಿಗೆ ಬಂದ್ಬುಡ್ತು ಕಣವ್ವಾ," ಎಂದ ಮಂಚಾಚಾರಿ.

ಪುಟ್ಟತಾಯಮ್ಮ ಬಳ್ಳವನ್ನು ಸುರಿದು, ಒಳಗೆ ಹೋಗಿ ಇನ್ನೊಂದು ಬಳ್ಳ ತಂದು ಸುರಿದಳು. ಕಿರೀಟದ ಮಾತೇ ಎತ್ತಲಿಲ್ಲ.

ಮುಂದಿನ ಮನೆಯಲ್ಲಿ ಅವರು ಕೇಳುವ ಮೊದಲೇ ಅವನೇ ವಿಷಯಕ್ಕೆ ಬಂದ. ಅರಳಿಕಟ್ಟೆಯ ಹತ್ತಿರ ಏಳೆಂಟು ಜನ ಸೇರಿದ್ದರು. "ಇನ್ನೊಂದ್ಸಲ ಯೋಳಿ ಆಚಾರ್ರೇ" ಎಂದರು. ಅವನು ಚೀಲ ಕೆಳಗಿಟ್ಟು, ಎದೆ ಸೆಟೆಸಿ, ಆ ಮಾತನ್ನು ಮುದ್ದಯ್ಯನಿಗಿಂತ ಎರಡು ಪಟ್ಟು ಗಟ್ಟಿಯಾಗಿ ಹೇಳಿದ. ಹೇಳಿ, ಪಂಚೆಯನ್ನು ಮೊಣಕಾಲವರೆಗೆ ಎತ್ತಿ ಎರಡು ಹೆಜ್ಜೆ ನೀರು ದಾಟಿ ತೋರಿಸಿದ. ಅದು ಅವನ ಸ್ವಂತ ಸೇರ್ಪಡೆ. ಜನ ನಕ್ಕರು; ನಿನ್ನೆಗಿಂತ ಸ್ವಲ್ಪ ಕಡಿಮೆ, ಆದರೆ ಅದನ್ನು ಅಳೆಯುವ ತಾಳ್ಮೆ ಅವನಿಗಿರಲಿಲ್ಲ.

ಮುದ್ದಯ್ಯ ಕಟ್ಟೆಯ ಆಚೆ ಬದಿಯಲ್ಲಿ ಎಲೆಗೆ ಸುಣ್ಣ ಸವರುತ್ತಾ ನಿಂತು ಎಲ್ಲ ನೋಡಿದ. ಜನ ಕರಗಿದ ಮೇಲೆ ಹತ್ತಿರ ಬಂದು, "ನನ್ ಮಾತು ನಿನ್ ಬಾಯಲ್ಲಿ ದಪ್ಪಗಾಯ್ತದೆ ಕಣ್ಲಾ ಆಚಾರಿ. ಇರ್ಲಿ, ಮಡೀಕೊ. ನಂತಾವ ಇನ್ನೂ ಅವೆ," ಎಂದ.

"ಒಂದು ಮಾತಿಗೆ ಇಷ್ಟು ಜಿಪುಣತನವಾ?" ಎಂದು ಮಂಚಾಚಾರಿ ಬೇರೆ ಕಡೆ ನೋಡಿದ.

"ಜಿಪುಣ ಆಗಿದ್ರೆ ಕೊಡ್ತಿದ್ನೇನ್ಲಾ?"

ಬಿಸಿಲು ಏರುವ ಹೊತ್ತಿಗೆ ಸೀಮೆಯ ಅಧಿಕಾರಿ ಶೇಕದಾರನ ಕುದುರೆ ಊರಿಗೆ ಬಂತು. ಮಾತಿಗೆ ಕುದುರೆಯೇ ಬೇಕಾಗಿಲ್ಲ. ನಕ್ಕವರಲ್ಲೇ ಯಾವನೋ ಒಬ್ಬ ಬೆಳಗಾಗುವುದರೊಳಗೆ ಅದನ್ನು ಹಿರೋಡೆಯ ಕಚೇರಿಗೆ ಹೊತ್ತು ಮುಟ್ಟಿಸಿದ್ದ. ಚಾವಡಿಯಲ್ಲಿ ಜಮಖಾನ ಹಾಸಿದರು. ಶೇಕದಾರ ಇಬ್ಬರು ಜವಾನರನ್ನು ಬಾಗಿಲಲ್ಲಿ ನಿಲ್ಲಿಸಿ, ಮಜ್ಜಿಗೆ ಕುಡಿದು, ಬಾಯಿ ಒರೆಸಿಕೊಂಡು, ಬಹಳ ಮರ್ಯಾದೆಯಿಂದ ಕೇಳಿದ: "ನಿನ್ನೆ ಹೊಳೆಯ ನೀರಿನ ಅಳತೆ ಹೇಳಿದವರು ಯಾರು?"

 ಶೇಕದಾರ ಕೈಯಲ್ಲಿದ್ದ ಚೀಟಿ ನೋಡಿದ. "ರಾವಣನ ವೇಷದವನು ಎಂದು ಬರೆದಿದೆ. ಬೆಳಿಗ್ಗೆ ಅರಳಿಕಟ್ಟೆಯಲ್ಲಿ ಪಂಚೆ ಎತ್ತಿ ಮತ್ತೆ ಹೇಳಿದನಂತೆ, ಊರಬಾಗಿಲಲ್ಲೇ ಕೇಳಿದೆ. ಅವನು ಪಟ್ಟಣಕ್ಕೆ ನನ್ನ ಜೊತೆ ಬರಬೇಕಾಗುತ್ತದೆ. ಅಲ್ಲಿ ವಿಚಾರಣೆ ನನ್ನದಲ್ಲ."

ಪಟ್ಟಣದ ಸೆರೆಗೆ ಹೋದವರು ತಿರುಗಿ ಬಂದು ಅಲ್ಲಿನ ವರ್ತಮಾನ ಹೇಳಿದ್ದನ್ನು ಆ ಸೀಮೆಯಲ್ಲಿ ಯಾರೂ ಕೇಳಿರಲಿಲ್ಲ.  ಮುದ್ದಯ್ಯ ಕಂಬದ ಪಕ್ಕದಲ್ಲೇ ನಿಂತಿದ್ದ, ಹುಟ್ಟುಪೆದ್ದನ ಮುಖ ಹಾಕಿಕೊಂಡು. ಅದು ಅವನ ಕಸುಬು. 'ಹೇಳಿದವನು ಅವನು' ಎಂಬ ಎರಡು ಪದ ಸಾಕಿತ್ತು. ಮಂಚಾಚಾರಿ ಹೇಳಲಿಲ್ಲ. ಗೆಳೆಯನನ್ನು ಉಳಿಸಿದ ಎಂದು ಹೇಳಿಕೊಳ್ಳಬಹುದು. ನಿಜವೇನೆಂದರೆ, ಎರಡನೆಯ ಬಳ್ಳ ಸುರಿದ ಪುಟ್ಟತಾಯಮ್ಮ ಎದುರಿಗೇ ಕೂತಿದ್ದಳು.

ಊರಗೌಡ ಕರೀಗೌಡ ಮುಂದೆ ಬಂದು ಕೈಮುಗಿದ. ಮಾತಾಡಿದವನು ಸಿಕ್ಕಿಬಿದ್ದರೆ ನಕ್ಕವರ ಪಟ್ಟಿಯೂ ಬೇಕಾಗುತ್ತದೆ ಎಂಬುದು ಅವನಿಗೆ ಎಲ್ಲರಿಗಿಂತ ಮೊದಲು ಹೊಳೆದಿತ್ತು.

"ಇವ್ನಾ ಬುದ್ಧೀ?" ಎಂದ. "ಇವ್ನು ಜನ್ರ ನಗಿಸ್ದ ಅಂದ್ರೆ ನಮ್ಮೂರ ಕಲ್ಲುಕಂಬ ಕುಣೀತು ಅನ್ಬೇಕು. ಇವ್ನ ರಾವಣ ಬಂದ ಅಂದ್ರೆ ನಮ್ ಮನೆ ಮಕ್ಳು ನಿದ್ದೆ ಮಾಡ್ತವೆ. ಅದ್ಕೇ ಕರುಸ್ತೀವಿ."

ಯಾರೋ ಹಿಂದಿನಿಂದ ದನಿಗೂಡಿಸಿದರು. "ಸೀತೆ ಇವ್ನಿಗೆ ಎದರ್ದೆ ಇರೋದು ಪತಿವ್ರತೆ ಅಂತಲ್ಲ ಸ್ವಾಮಿ. ಎದರ್ಕಳಕೆ ಅಲ್ಲಿ ಏನೂ ಇಲ್ಲ!"

"ಯಮ್ಮೆ ಈಯ್ವಾಗ ಅರುಚ್ತದಲ್ಲ, ಅಂಗೆ. ಅದ್ಕಾದ್ರೂ ಕರು ಉಟ್ತದೆ, ಇವ್ನಿಗೆ ಅದೂ ಇಲ್ಲ."

ಮೊದಲ ಎರಡು ಮಾತನ್ನು ಅವರು ಅವನ ಪ್ರಾಣಕ್ಕಾಗಿ ಆಡಿದ್ದಿರಬೇಕು. ಮೂರನೆಯದರಿಂದ ಮುಂದೆ ಅವರಿಗೆ ರುಚಿ ಹತ್ತಿತು. ಹನ್ನೆರಡು ವರ್ಷದ ಮರ್ಯಾದೆ ಕಟ್ಟೊಡೆದಂತೆ ಹರಿಯಿತು. ಯುದ್ಧದಲ್ಲಿ ಅವನು ಎಡಗಾಲು ಎಳೆಯುವುದು, ಸಿಟ್ಟು ಬಂದಾಗ ಮೂಗು ಸೊರಗುಟ್ಟುವುದು, ಸಾಯುವಾಗ ಬೀಳಲು ಚೊಕ್ಕಟ ಜಾಗ ಹುಡುಕುವುದು. ಇಷ್ಟು ಸೂಕ್ಷ್ಮವಾಗಿ ತನ್ನನ್ನು ಯಾರಾದರೂ ನೋಡುತ್ತಿದ್ದಾರೆಂದು ಅವನು ಎಣಿಸಿಯೇ ಇರಲಿಲ್ಲ. ಪುಟ್ಟತಾಯಮ್ಮ, "ಇವ್ನು ಬಾಯ್ಬುಟ್ಟಾಗ್ಲೇ ನಾನು ಎಲೆ ಅಡ್ಕೆ ಮಡ್ಚಕೆ ಏಳೋದು ಬುದ್ಧಿ. ಅಲ್ಲೀಗಂಟ ತಡ್ಕಂಡಿರ್ತೀನಿ," ಎಂದಳು.

"ನೀವೇನು ಹೇಳುತ್ತೀರಿ?" ಶೇಕದಾರ ಭಾಗವತರ ಕಡೆ ತಿರುಗಿದ.

ಮೇಳದ ಯಜಮಾನರಾದ ಭಾಗವತರು ಮಂಚಾಚಾರಿಯ ಮುಖ ನೋಡದೆ ಹೇಳಿದರು: "ಪಾಠ ಹೇಳಿಕೊಟ್ಟೂ ಕೊಟ್ಟೂ ನನ್ನ ಗಂಟಲು ಬಿತ್ತು ಸ್ವಾಮಿ. ಸ್ವಂತವಾಗಿ ಒಂದು ಮಾತು ಹುಟ್ಟಿದ್ದು ನಾ ಕಾಣೆ. ಕಿರೀಟ ಇವನದು, ಕೊಂಡುಹೋದರೆ ಬೇರೆ ಇಲ್ಲ. ಅದಕ್ಕೇ ಇಟ್ಟುಕೊಂಡಿದ್ದೇನೆ."

ಅದಕ್ಕೆ ಮಾತ್ರ ಯಾರೂ ನಗಲಿಲ್ಲ.

 ಹಿಂದೆ ಎಲ್ಲೆಲ್ಲೋ ಆಟ ನೋಡಿದವನಂತೆ ಶೇಕದಾರನ ಕಣ್ಣು ತುಸು ಚುರುಕಾಯಿತು. "ಸಾಕ್ಷಿ ಹೇಳುವವರು ಏನು ಬೇಕಾದರೂ ಹೇಳುತ್ತಾರೆ. ಎಲ್ಲಿ, ನೀನೇ ಇಲ್ಲಿ ನಿಂತು ರಾವಣನ ನಾಲ್ಕು ಮಾತು ಆಡು. ಆ ಮಾತು ಹುಟ್ಟಿಸುವ ಆಸಾಮಿಯೋ ಅಲ್ಲವೋ, ನಾನು ನೋಡುತ್ತೇನೆ."

ಮಂಚಾಚಾರಿ ಚಾವಡಿಯ ನಡುವೆ ಬಂದು ನಿಂತ. ಉಳಿಯುವ ದಾರಿ ತೆರೆದಿತ್ತು. ಕೆಟ್ಟದಾಗಿ ಆಡಿದರೆ ಸಾಕು. ಅವನು ಮರಗೆಲಸದವನಂತೆ ಲೆಕ್ಕ ಹಾಕಿದ. ಮೊದಲಿನಿಂದಲೇ ಕೆಡಿಸಿದರೆ ಬೇಕೆಂದೇ ಕೆಡಿಸಿದನೆಂದು ಸಂಶಯ ಬಂದೀತು. ಎರಡು ಸಾಲು ಸರಿಯಾಗಿ, ತನ್ನಿಂದಾದಷ್ಟು ಚೆನ್ನಾಗಿ ಹೇಳುವುದು; ಮೂರನೆಯದರಲ್ಲಿ ತಡವರಿಸುವುದು; ನಾಲ್ಕನೆಯದರಲ್ಲಿ ನಿಂತುಬಿಡುವುದು. ಒಳಗೊಳಗೆ ಇನ್ನೊಂದು ಆಸೆಯೂ ಇತ್ತು: ಆ ಎರಡು ಸಾಲನ್ನು ಇವರೆಲ್ಲ ಒಮ್ಮೆ ಹಗಲು ಬೆಳಕಿನಲ್ಲಿ, ಮದ್ದಳೆಯ ಗದ್ದಲವಿಲ್ಲದೆ ಕೇಳಲಿ.

ಅವನು ಕಣ್ಣು ಮುಚ್ಚಿ ಉಸಿರೆಳೆದುಕೊಂಡ. "ಎಲೈ ಚಾರಕನೇ! ಮೂರು ಲೋಕದಲ್ಲಿ ನನ್ನ ಹೆಸರು ಕೇಳಿ ನಡುಗದವರು ಯಾರು?" ಇಷ್ಟು ಚೆನ್ನಾಗಿ ಅವನು ಎಂದೂ ಹೇಳಿರಲಿಲ್ಲ. "ಹತ್ತು ತಲೆ, ಇಪ್ಪತ್ತು ಕೈ, ಇವಕ್ಕೆ ಸರಿಸಾಟಿ—"

"ಸಾಕು, ಸಾಕು," ಶೇಕದಾರ ಕೈಯೆತ್ತಿದ. "ಇವನಲ್ಲ."

ಚೀಟಿಯನ್ನು ಮಡಿಸಿ ಅವನು ಎದ್ದ. ಸಭೆಯಲ್ಲಿ ಯಾವನೋ ಪರಸ್ಥಳದವನು ಕೂಗಿದ್ದು ಎಂದು ಶಾನುಭೋಗನ ಕೈಯಲ್ಲಿ ಬರೆಸಿದ. ಮೇಳ ಊಟದ ಹೊತ್ತಿನೊಳಗೆ ಗಡಿ ದಾಟಬೇಕು, ಈ ಸೀಮೆಯಲ್ಲಿ ಇನ್ನು ರಾವಣನ ಕಥೆ ಕೂಡದು ಎಂದು ಹೇಳಿ ಕುದುರೆ ಹತ್ತಿದ. ಊರು ಉಸಿರು ಬಿಟ್ಟಿತು. ಜನ ಮಂಚಾಚಾರಿಯ ಬೆನ್ನು ತಟ್ಟಿದರು. "ಗೆದ್ಬುಟ್ಟೆ ಕಣಪ್ಪಾ," ಎಂದ ಕರೀಗೌಡ. "ಎಂಗೆ ಕೆಡುಸ್ದೆ ನೋಡು, ಭಲಾ!"

ಮಂಚಾಚಾರಿ ಕಾಳಿನ ಚೀಲ ಹೊತ್ತು ಬಂಡಿಯ ಕಡೆ ನಡೆದ.

ಬಂಡಿ ಹೂಡುವಾಗ ಅವನು ಪುಟ್ಟತಾಯಮ್ಮನ ಅಂಗಳಕ್ಕೆ ಹೋದ. ಅವಳು ಹಟ್ಟಿಯ ಕಸ ಬಳಿಯುತ್ತಿದ್ದಳು.

"ಅವ್ವಾ, ಚಾವ್ಡೀಲಿ ನೀವೆಲ್ಲ ಅಂದಿದ್ದು ನನ್ನ ಉಳ್ಸಕೆ ತಾನೆ?"

"ಊಂ ಕಣಪ್ಪಾ. ಇನ್ಯಾತಕ್ಕೆ?"

"ಸುಳ್ಳು ತಾನೆ?"

ಅವಳು ಪೊರಕೆ ನಿಲ್ಲಿಸಿದಳು. ಕೆಟ್ಟ ಹೆಂಗಸೇನಲ್ಲ. "ನೀನು ಆ ಮಾತು ಆಡ್ಲಿಲ್ಲ ಅಂದಿದ್ದು ಸುಳ್ಳು ಕಣಪ್ಪ. ಒಂದಿನಕ್ಕೆ ಎಷ್ಟೂಂತ ಸುಳ್ಳು ಯೋಳಾನ, ನಾವೂ ಮಕ್ಳೊಂದಿಗ್ರು," ಎಂದು ಮತ್ತೆ ಬಗ್ಗಿದಳು.

ನಾಗಮಂಗಲದ ದಾರಿಯಲ್ಲಿ ಎರಡು ಹರದಾರಿ ಸಾಗಿದ್ದರು. ಒಂದು ಹೊಲದ ಅಂಚಿನಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಮದ್ದಳೆಯ ಗಂಟು ಕಂಡು ಎದ್ದು ನಿಂತರು.

"ಮೇಳದೋರಾ? ಯಾರ್ಯಾರು ಯಾವ್ಯಾವ ಯೇಸ?"

ಮುದ್ದಯ್ಯ ಬಂಡಿಯ ಮೇಲಿಂದಲೇ ಒಬ್ಬೊಬ್ಬರನ್ನಾಗಿ ತೋರಿಸಿದ. ಇವರು ರಾಮ, ಇವಳೇ ಸೀತೆ, ಮೀಸೆ ನೋಡಿ ಎದರ್ಬ್ಯಾಡಿ. ಅವರು ನಕ್ಕರು. ಅವನ ಕೈ ಹಿಂದೆ ನಡೆದು ಬರುತ್ತಿದ್ದ ಮಂಚಾಚಾರಿಯವರೆಗೆ ಬಂದು ತಡೆಯಿತು.

"ನಾನಾ?" ಎಂದ ಮಂಚಾಚಾರಿ. "ಬಂಡಿ ನೋಡ್ಕಳೋ ಆಚಾರಿ ಕಣ್ರವ್ವಾ."

ಅವನೇ ಮುಂದೆ ಬಂದು ಬಂಡಿ ನಿಲ್ಲಿಸಿದ. ರಸ್ತೆಯ ಬದಿಯಿಂದ ಒಂದು ಕಲ್ಲು ಎತ್ತಿಕೊಂಡು ಬಗ್ಗಿ, ಎಡಗಡೆ ಗಾಲಿಯ ಕಡೆಗೀಲನ್ನು ಕುಟ್ಟಿದ. ಅದು ಭದ್ರವಾಗಿಯೇ ಇತ್ತು. ಹೆಂಗಸರು ನೋಡುತ್ತಿದ್ದರು. ಅವನು ಇನ್ನೊಂದು ಏಟು ಹಾಕಿದ.