ಕೆಂಪು ಔಷಧಿಯ ಪೂರ್ತಿ ಹೆಸರು

ನನ್ನ ದೊಡ್ಡಮ್ಮ ಮೂವತ್ತೊಂದು ವರ್ಷ ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಗಾಡಿಗಳ ಹೆಸರು ಕೂಗಿದವಳು. ಪೋರ್ಟರುಗಳಿಂದ ಹಿಡಿದು ಸ್ಟೇಷನ್ ಮಾಸ್ಟರ್‌ವರೆಗೆ ಎಲ್ಲರಿಗೂ ಅವಳು ಮೈಕಮ್ಮ. ನಿವೃತ್ತಿಯಾದ ಎರಡನೆಯ ವರ್ಷ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಯಿತು. ಇನ್ನು ಕಿಮೋ ಕೊಡಬೇಕು ಎಂದು ಡಾಕ್ಟರು ಹೇಳಿದ ದಿನ ನನ್ನ ಸೋದರಮಾವ, ಅಂದರೆ ಅವಳ ತಮ್ಮ, ನಮ್ಮನ್ನೆಲ್ಲ ಅಡುಗೆಮನೆಗೆ ಕರೆದು ತಾಕೀತು ಮಾಡಿದ.

“ಅಕ್ಕನ ಮುಂದೆ ಯಾರೂ ಔಷಧಿ ಹೆಸರು ಎತ್ತಬೇಡಿ. ಕೆಂಪು ಟಾನಿಕ್ ಅಂತ ಹೇಳಿದ್ರೆ ಸಾಕು. ಹೆದರಿಬಿಡ್ತಾಳೆ.”

ಹೆದರಿ ಬೆವರುತ್ತಿದ್ದವನು ಅವನೇ. ದೊಡ್ಡಮ್ಮ ಬಾಗಿಲಲ್ಲೇ ನಿಂತಿದ್ದಳು.

“ಟಾನಿಕ್ ಕುಡಿಸೋಕೆ ನಾನೇನು ಹಲ್ಲು ಬರದ ಮಗುವೇನೋ? ನನ್ನ ಮೈಯೊಳಗೆ ಹೋಗೋದರ ಹೆಸರು ನನಗೇ ಗೊತ್ತಿರಬಾರದಾ?”

ಮೊದಲ ಡೋಸಿನ ದಿನ ನಾನು ಜೊತೆಗೆ ಹೋಗಿದ್ದೆ. ಪಕ್ಕದ ಕುರ್ಚಿಯ ಹೆಂಗಸು ಆ ಕೆಂಪು ಔಷಧಿಯನ್ನು ‘ಕೆಂಪು ಪಿಶಾಚಿ’ ಎಂದಳು. ದೊಡ್ಡಮ್ಮ ಮುಖ ಗಂಟಿಕ್ಕಿಕೊಂಡು ಎದ್ದು ಆಸ್ಪತ್ರೆಯ ಔಷಧಿ ಕೋಣೆಯ ಕಿಟಕಿಗೇ ಹೋಗಿ, ಅದರ ನಿಜವಾದ ಹೆಸರೇನು ಎಂದು ಕೇಳಿದಳು. ಅಲ್ಲಿದ್ದ ಫಾರ್ಮಸಿಸ್ಟ್, ಕನ್ನಡಕವನ್ನು ದಾರದಲ್ಲಿ ಕೊರಳಿಗೆ ನೇತುಹಾಕಿಕೊಂಡ ಮನುಷ್ಯ, ಇಷ್ಟು ದಿನ ಯಾರೂ ಕೇಳದ ಪ್ರಶ್ನೆ ಕೇಳಿ ಅರಳಿದ.

“ಡಾಕ್ಸೊರುಬಿಸಿನ್ ಅಮ್ಮಾ. ರುಬಿ ಅಂದ್ರೆ ಮಾಣಿಕ್ಯ. ಬಣ್ಣ ನೋಡಿ ಇಟ್ಟಿದ್ದು. ಇದಕ್ಕೆ ಒಬ್ಬಳು ಅಕ್ಕ ಇದ್ದಾಳೆ, ಡಾನೊರುಬಿಸಿನ್. ಇಟಲಿಯಲ್ಲಿ ಒಂದು ಕೋಟೆ ಹತ್ತಿರದ ಮಣ್ಣಲ್ಲಿ ಸಿಕ್ಕಿದ್ದು. ಹಿಂದೆ ಆ ಕಡೆ ಡಾನಿ ಅನ್ನೋ ಜನ ಇದ್ರಂತೆ, ಅವರ ಹೆಸರು. ನಿಮ್ಮದಕ್ಕೆ ಏಡ್ರಿಯಾಮೈಸಿನ್ ಅಂತಾನೂ ಕರೀತಾರೆ. ಅದು ಅಲ್ಲಿನ ಏಡ್ರಿಯಾಟಿಕ್ ಕಡಲಿನ ಹೆಸರು.”

“ಅಕ್ಕತಂಗಿ ಇಬ್ಬರದ್ದೂ ಒಂದೇ ಕೆಲಸಾನಾ?”

“ಇಲ್ಲಮ್ಮ. ಅಕ್ಕನನ್ನ ರಕ್ತದ ಕ್ಯಾನ್ಸರಿಗೆ ಬಳಸ್ತಾರೆ. ತಂಗಿ ನಿಮ್ಮಂಥವರಿಗೆ. ಇಬ್ಬರೂ ಕೆಂಪಗೇ ಇರ್ತಾರೆ, ನೋಡಿದ್ರೆ ಗೊತ್ತಾಗೋದಿಲ್ಲ.”

ಅಂದಿನಿಂದ ಮನೆಯಲ್ಲಿ ಪಾಠ ಶುರುವಾಯಿತು. ವಾಂತಿ ಮಾಡಿ ಸುಸ್ತಾಗಿ ಮಲಗಿದ್ದವಳು ದಿಂಬಿಗೆ ಒರಗಿ, “ಡಾಕ್, ಸೊ, ರು, ಬಿ, ಸಿನ್. ಹೇಳೋ” ಎನ್ನುವಳು. ಮಾವನ ನಾಲಿಗೆ ಹೊರಳದೆ ‘ಡಾಕ್ಟರ್ ಬಿಸ್ಕತ್ತು’ ಎಂದಿತು. ಆಪರೇಷನ್ ಆದ ಮೇಲೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಅದೇ ಮೊದಲು.

ಮೂರನೆಯ ಡೋಸಿನ ದಿನ ಮಾವನೂ ಬಂದಿದ್ದ. ಹೊಸದಾಗಿ ಸೇರಿದ ನರ್ಸ್ ಟ್ರೇ ತಂದಳು. ಸಿರಿಂಜಿಗೆ ಅಂಟಿಸಿದ್ದ ಚೀಟಿಯಲ್ಲಿ ದೊಡ್ಡಮ್ಮನ ಹೆಸರು, ನಂಬರು ಎರಡೂ ಸರಿಯಾಗಿದ್ದವು.

“ಔಷಧಿ ಹೆಸರೂ ಓದಮ್ಮ” ಎಂದಳು ದೊಡ್ಡಮ್ಮ.

ನರ್ಸ್ ಸಿರಿಂಜಿನ ಇನ್ನೊಂದು ಪಕ್ಕದಲ್ಲಿದ್ದ ಔಷಧಿಯ ಚೀಟಿಯನ್ನು ಗಡಿಬಿಡಿಯಲ್ಲಿ ಓದಿದಳು. “ಡಾನೊರುಬಿಸಿನ್.”

“ಇನ್ನೊಂದು ಸಲ.”

“ಡಾನೊರುಬಿಸಿನ್. ಅದೇ ಅಮ್ಮಾ, ನಿಮ್ಮ ಕೆಂಪು ಔಷಧಿ.”

ದೊಡ್ಡಮ್ಮ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡಳು. “ನನ್ನದು ಡಾಕ್ಸೊ. ಇದು ಬೇಡ.”

ದೊಡ್ಡ ನರ್ಸ್ ಬಂದಳು. “ಚೀಟಿಯಲ್ಲಿ ನಿಮ್ಮದೇ ಹೆಸರಿದೆ ಅಮ್ಮಾ, ನೋಡಿದೀವಿ. ಹಿಂದೆ ಇನ್ನೂ ಹನ್ನೆರಡು ಜನ ಇದ್ದಾರೆ, ಹಟ ಮಾಡಬೇಡಿ.” ಮಾವ ನಾಚಿಕೆಯಿಂದ ಕುಗ್ಗಿಹೋಗಿ, “ಅಕ್ಕಾ, ಅವರು ಓದಿದವರು. ಸುಮ್ನೆ ಹಾಕಿಸ್ಕೋ” ಎಂದ.

“ನಾನು ಒಂದಕ್ಷರ ತಪ್ಪು ಹೇಳಿದ್ರೆ ಇನ್ನೂರು ಜನ ಬೇರೆ ಊರಿನ ಗಾಡಿ ಹತ್ತುತಿದ್ರು. ಅವರಾದ್ರೂ ಮುಂದಿನ ಸ್ಟೇಷನ್ನಲ್ಲಿ ಇಳೀಬಹುದಿತ್ತು. ಇದು ಒಳಗೆ ಹೋದ್ರೆ ಇಳಿಸೋದು ಹೇಗೆ?”

ಯಾರೂ ಫಾರ್ಮಸಿಸ್ಟನ್ನು ಕರೆಯಲು ಹೋಗಲಿಲ್ಲ. ಆಗ ಅವಳು ಬೆನ್ನು ನೆಟ್ಟಗೆ ಮಾಡಿ, ಹೊಟ್ಟೆಯಾಳದಿಂದ ಆ ಹಳೆಯ ದನಿ ತೆಗೆದಳು.

“ದಯವಿಟ್ಟು ಗಮನಿಸಿ! ಡಾಕ್ಸೊರುಬಿಸಿನ್ ಬರಬೇಕಾದ ಜಾಗಕ್ಕೆ ಡಾನೊರುಬಿಸಿನ್ ಬಂದಿದೆ! ಫಾರ್ಮಸಿಸ್ಟ್ ಎಲ್ಲಿದ್ದರೂ ಕೂಡಲೇ ಬರಬೇಕು!”

ಕಾರಿಡಾರಿನ ಕೊನೆಯವರೆಗೂ ಬಾಗಿಲುಗಳು ತೆರೆದುಕೊಂಡವು. ಫಾರ್ಮಸಿಸ್ಟ್ ಓಡಿ ಬಂದು ಸಿರಿಂಜು ನೋಡಿದ. ಗೋಡೆಯ ಫೋನೆತ್ತಿ ಮೇಲಿನ ಮಹಡಿಯ ರಕ್ತದ ಕ್ಯಾನ್ಸರ್ ವಾರ್ಡಿಗೆ, “ಆ ಕೆಂಪು ಸಿರಿಂಜ್ ಹಾಕಬೇಡಿ, ನಿಲ್ಲಿಸಿ” ಎಂದು ಕೂಗಿದ. ಪುಣ್ಯಕ್ಕೆ ಅಲ್ಲಿ ಇನ್ನೂ ಶುರು ಮಾಡಿರಲಿಲ್ಲ. ಬೆಳಗ್ಗೆ ಎರಡನ್ನೂ ಒಟ್ಟಿಗೆ ತಯಾರಿಸಿ, ರೋಗಿಗಳ ಚೀಟಿ ಅಂಟಿಸುವಾಗ ಅದಲುಬದಲು ಮಾಡಿದ್ದೆ ಎಂದು ಎಲ್ಲರೆದುರೇ ಒಪ್ಪಿಕೊಂಡ.

ಮೇಲ್ವಿಚಾರಕರು ಬಂದು, ಏನೂ ಅನಾಹುತ ಆಗಿಲ್ಲವಲ್ಲ, ಇದನ್ನು ದೊಡ್ಡದು ಮಾಡುವುದು ಬೇಡ ಎಂದು ನಯವಾಗಿ ಹೇಳಿದರು.

“ಮಾಡ್ತೀನಿ” ಎಂದಳು ದೊಡ್ಡಮ್ಮ. “ಮುಂದೆ ಆ ಕುರ್ಚಿಯಲ್ಲಿ ಕೂರೋಳಿಗೆ ಹೆಸರು ಗೊತ್ತಿರಲ್ಲ. ಮನೆಯವರು ಟಾನಿಕ್ ಅಂತ ಹೇಳಿ ಕಳಿಸಿರ್ತಾರೆ.”

ಮಾವ ತಲೆ ತಗ್ಗಿಸಿದ. ಆಮೇಲೆ ಜೇಬಿನಿಂದ ಪೆನ್ನು ತೆಗೆದು, “ಹೇಳಕ್ಕಾ, ದೂರು ನಾನು ಬರೀತೀನಿ” ಎಂದ. ಎರಡೂ ಹೆಸರನ್ನು ಅವಳು ಬಿಡಿಸಿ ಹೇಳಿದಳು, ಅವನು ಒಂದಕ್ಷರ ತಪ್ಪದೆ ಬರೆದ. ಸಾಕ್ಷಿಯ ಜಾಗದಲ್ಲಿ ಫಾರ್ಮಸಿಸ್ಟ್ ತಾನೇ ಸಹಿ ಹಾಕಿದ. ಒಂದು ತಿಂಗಳೊಳಗೆ ನಿಯಮ ಬಂತು: ನರ್ಸ್ ಔಷಧಿಯ ಹೆಸರು ಗಟ್ಟಿಯಾಗಿ ಓದಬೇಕು, ರೋಗಿ ತಿರುಗಿ ಹೇಳಬೇಕು.

ದೂರು ಬರೆದ ಆ ಮಧ್ಯಾಹ್ನವೇ, ಸರಿಯಾದ ಸಿರಿಂಜು ಬರುವುದನ್ನು ಕಾಯುತ್ತಿದ್ದಾಗ, ಮೇಲಿನ ಮಹಡಿಯ ರೋಗಿ ಸಲೈನ್ ಸ್ಟ್ಯಾಂಡು ತಳ್ಳಿಕೊಂಡು ಕೆಳಗೆ ಬಂದ. ನಲವತ್ತರ ಬಸ್ ಡ್ರೈವರ್.

“ನಿಮ್ಮದು ನನಗೆ ಬರ್ತಿತ್ತಂತೆ. ಯಾರಪ್ಪಾ ಈ ಮಹಾತಾಯಿ ಅಂತ ನೋಡೋಕೆ ಬಂದೆ.”

“ನಿನ್ನ ಔಷಧಿ ಹೆಸರು ಗೊತ್ತೇನಪ್ಪಾ?”

“ಇಲ್ಲಮ್ಮ.”

“ಬಸ್ಸಿನೋರು ಯಾವತ್ತು ಸರಿಯಾಗಿ ಹೆಸರು ಹೇಳಿದೀರಿ!” ಎಂದು ಗದರಿ, ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದಳು. “ನಿನ್ನದು ಒಂದು ಜನದ ಹೆಸರು, ನನ್ನದು ಒಂದು ಕಡಲಿನ ಹೆಸರು. ಪಿಶಾಚಿ ಗಿಶಾಚಿ ಅಂದ್ಯೋ, ಜೋಕೆ.”

ಅವನು ನಾಲ್ಕು ಸಲ ಎಡವಿ ಐದನೆಯ ಸಲಕ್ಕೆ ಸರಿಯಾಗಿ ಹೇಳಿದ.

ದೊಡ್ಡಮ್ಮನ ನಾಲ್ಕು ಡೋಸೂ ಮುಗಿದವು. ತಲೆ ಪೂರ್ತಿ ಬೋಳಾಯಿತು. ಸದ್ಯಕ್ಕೆ ಗಂಟಿಲ್ಲ, ಮೂರು ತಿಂಗಳಿಗೊಮ್ಮೆ ಬರುತ್ತಿರಿ ಎಂದರು ಡಾಕ್ಟರು. ‘ಸದ್ಯಕ್ಕೆ’ ಎಂಬ ಮಾತು ಅವಳಿಗೂ ಕೇಳಿಸಿತು, ನಮಗೂ ಕೇಳಿಸಿತು. ಮುಂದಿನ ವಾರ ಹಳೆಯ ಸಹೋದ್ಯೋಗಿಯ ಬೀಳ್ಕೊಡುಗೆಗೆ ಹೊರಟಾಗ ಮಾವ ಹೊಸ ರೇಷ್ಮೆ ಸ್ಕಾರ್ಫ್ ತಂದು ಮುಂದೆ ಹಿಡಿದ.

“ಇದು ತಲೆ ಕಣೋ, ಕದ್ದ ಮಾಲಲ್ಲ, ಮುಚ್ಚಿಟ್ಟುಕೊಳ್ಳೋಕೆ” ಎಂದು ಅದನ್ನು ಅವನ ಹೆಗಲಿಗೇ ಹಾಕಿ, ಅವಳು ಬಿಸಿಲಿಗೆ ಇಳಿದಳು.