ಏಳಬಾರದ ಕಲ್ಲು

ನಮ್ಮೂರ ಹಾಳು ಬೌದ್ಧ ಗುಡಿಗೆ ಮೊಮ್ಮಗಳು ಬೊರಾಮಳನ್ನು ಎಳೆದುಕೊಂಡೇ ಹೋದೆ. ಯಾವುದೋ ಕಾಲದಲ್ಲಿ ಶತ್ರುಸೈನ್ಯ ಹಚ್ಚಿದ ಬೆಂಕಿಯಲ್ಲಿ ಗುಡಿಯೆಲ್ಲ ಬೂದಿಯಾಗಿ, ಉಳಿದದ್ದು ಒಂದು ಮುರುಕು ಕಲ್ಲುಗೋಪುರ, ಎಲೆಕೋಸಿನ ಹೊಲದ ನಡುವೆ ಕಂಬಗಳ ಬುಡಗಲ್ಲು, ತಲೆಯಿಲ್ಲದ ಒಬ್ಬ ಬುದ್ಧ. ಅವನ ಮುಂದೆ ಕುಂಬಳಕಾಯಿಯಂಥ ಒಂದು ಗುಂಡುಕಲ್ಲು. ನನಗೆ ಬೇಕಾಗಿದ್ದದ್ದು ಅದೇ.

ಬೊರಾಮ್ ಸ್ಪರ್ಧೆಗಳಲ್ಲಿ ಭಾರ ಎತ್ತುವ ಹುಡುಗಿ. ಮರುದಿನವೇ ರಾಷ್ಟ್ರತಂಡದ ಆಯ್ಕೆ. ಭುಜದ ಆಪರೇಷನ್ ಆದಮೇಲೆ ಕಬ್ಬಿಣ ಎದೆಯವರೆಗೆ ಬರುತ್ತಿತ್ತು, ತಲೆಯ ಮೇಲೆ ಹೋಗುತ್ತಿರಲಿಲ್ಲ. ವಾಸಿಯಾಗಿದೆ ಎಂದು ಡಾಕ್ಟರು ಎಷ್ಟು ಹೇಳಿದರೂ ಇವಳ ಭುಜ ನಂಬಬೇಕಲ್ಲ!

"ಮೊದ್ಲು ಸುಮ್ನೆ ಎತ್ತು," ಎಂದೆ. "ಆಮೇಲೆ ಕಣ್ಮುಚ್ಚಿ ಬೇಡ್ಕೊಂಡು ಇನ್ನೊಂದ್ಸಲ ಎತ್ತು. ಏಳ್ಲಿಲ್ಲ ಅಂದ್ರೆ ಬುದ್ಧ ಒಪ್ಪಿದ ಅಂತ. ಎದ್ರೆ ಇಲ್ಲ."

"ಏಳಬಾರ್ದಾ? ಅಜ್ಜಿ, ನಾನು ಎತ್ತಿ ಎತ್ತಿನೇ ಅನ್ನ ತಿನ್ನೋಳು!"

"ನಿಮ್ಮಪ್ಪ ಹುಟ್ಲಿ ಅಂತ ಬೇಡ್ಕೊಂಡಾಗ ನಂಗೆ ಇದು ಅಲ್ಲಾಡ್ಲೇ ಇಲ್ಲ. ಬಾಯ್ಮುಚ್ಕೊಂಡು ಎತ್ತು."

ಸೊಂಟದವರೆಗೆ ಆಟದಂತೆ ಎತ್ತಿ ಇಳಿಸಿದಳು. ಕೈ ಜೋಡಿಸಿ ಕಣ್ಣು ಮುಚ್ಚಿದಳು.

ಈ ಗೂಳಿಯ ಕೈಗೆ ಸಿಕ್ಕ ಕಲ್ಲು ಏಳದೆ ಇರುತ್ತದೆಯೇ? ಎದ್ದರೆ ಇವಳಿಗೆ ಉಳಿದಿರುವ ಚೂರು ಧೈರ್ಯವೂ ಹೋದಂತೆಯೇ. ಸುತ್ತಲೂ ನೋಡಿದೆ, ಯಾರೂ ಇರಲಿಲ್ಲ. ಬುದ್ಧನಿಗಂತೂ ಕಣ್ಣೇ ಇಲ್ಲ. ಅವಳು ಕಣ್ಣು ಮುಚ್ಚಿಕೊಂಡೇ ಕಲ್ಲನ್ನು ತಬ್ಬಿದಾಗ, ನಾನು ಸದ್ದಿಲ್ಲದೆ ಎರಡೂ ಅಂಗೈ ಅದರ ಮೇಲಿಟ್ಟು ಮೈಭಾರವನ್ನೆಲ್ಲ ಹೇರಿದೆ.

ಕಲ್ಲು ಅಲುಗಿತು, ನಿಂತಿತು. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಬೊರಾಮ್ ಹೂಂಕರಿಸಿದಳು. ನನ್ನ ಕೈಗಳ ಸಮೇತ ಕಲ್ಲು ಮೇಲೆದ್ದಿತು. ಮಂಡಿ ದಾಟುವಾಗ ನನ್ನ ಕೈ ಜಾರಿತು. ಎದೆಗೆ ಬಂತು, ಆಮೇಲೆ ಒಂದೇ ಏಟಿಗೆ ತಲೆಯ ಮೇಲೆ!

"ಇಳಿಸೇ! ಎಲ್ಲಾ ಹಾಳಾಯ್ತು!" ಎಂದು ಕಿರುಚಿದೆ. ಬುದ್ಧನ ಮೇಲೂ ಸಿಟ್ಟು ಬಂತು.

"ಅಜ್ಜೀ, ನೋಯ್ತಾನೇ ಇಲ್ಲ! ನೋಡು!" ಅವಳ ತೋಳುಗಳು ನೆಟ್ಟಗಿದ್ದವು. ಮುಖದ ತುಂಬ ನಗು.

ನನಗೆ ತಡೆಯಲಾಗಲಿಲ್ಲ. "ನಾನು ಒತ್ತಿ ಹಿಡ್ದಿದ್ದೆ ಕಣೇ."

"ಗೊತ್ತಾಯ್ತು. ಬೆಳಗ್ಗೆ ಕೋಸಿನ ಉಪ್ಪಿನಕಾಯಿ ಕಿಮ್ಚಿಗೆ ಬೆಳ್ಳುಳ್ಳಿ ಜಜ್ಜಿದ ಕೈ ತಾನೇ? ವಾಸನೆ ಮೂಗಿಗೇ ಹೊಡೀತು."

"ಮತ್ಯಾಕೆ ಎತ್ತಿದೆ? ಬಿಟ್ಟಿದ್ರೆ ಬುದ್ಧ ಒಪ್ಪಿದ ಅಂತಾಗ್ತಿತ್ತಲ್ಲ!"

"ಭುಜದ ಹೆದರಿಕೆ ಹೋಗ್ಲಿ ಅಂತ ಬೇಡ್ಕೊಂಡಿದ್ದೆ. ಅಷ್ಟ್ರಲ್ಲಿ ನೀನು ಕೈ ಇಟ್ಯಲ್ಲ, ನಗು ಬಂತು. ನಗು ತಡ್ಕೊಳ್ಳೋದ್ರಲ್ಲಿ ಹೆದರೋದೇ ಮರ್ತೋಯ್ತು."

ಕಲ್ಲು ಇನ್ನೂ ಅವಳ ತಲೆಯ ಮೇಲೆಯೇ ಇತ್ತು. ಸಂತೋಷಕ್ಕೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತಲೆಯಿಲ್ಲದ ಬುದ್ಧನಿಗೆ ಉದ್ದಕ್ಕೆ ಅಡ್ಡಬಿದ್ದೆ.

"ಇಳಿಸೋದನ್ನೂ ಮರ್ತ್ಯಾ? ಅದು ಊರಿನ ಕಲ್ಲು ಕಣೇ," ಎಂದೆ.